ಆಟಿಯಲ್ಲಿ ಎಸ್ಟಿಮೇಟು, ಡಿಸೆಂಬರಿಗೆ ಬಿಲ್ಲು

ಉಡುಪಿ ಕಡೆಯ ಸಮುದಾಯ ಆರೋಗ್ಯ ಕೇಂದ್ರಗಳ ಲೆಕ್ಕ ನೋಡುವವರಿಗೆಲ್ಲ ಗೊತ್ತಿರುವ ಗೋಳು ಇದು. ಸೋರುವ ತಾರಸಿಯ ರಿಪೇರಿಗೆ ಅನುದಾನ ಕೈಗೆ ಬರುವಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಮಳೆ ಬಿಟ್ಟ ಮೇಲೆ ಎಸ್ಟಿಮೇಟು, ಬಿಲ್ಲು ಖಜಾನೆಗೆ ಹೋಗುವುದು ಮಾರ್ಚ್ ಕೊನೆಗೆ. ಒಂದು ಆಕ್ಷೇಪಣೆ ಬಿದ್ದರೂ ವರ್ಷ ಮುಗಿದು ದುಡ್ಡು ಲ್ಯಾಪ್ಸ್, ಅಂದರೆ ಕೈತಪ್ಪಿ ಹೋಗುತ್ತದೆ.

ನಾನು ಎಸ್ಟಿಮೇಟನ್ನು ಆಟಿ (ತುಳುವರ ಜುಲೈ-ಆಗಸ್ಟಿನ ತಿಂಗಳು) ಮಳೆಯಲ್ಲೇ ಮಾಡಿಸಿದೆ. "ಈ ಮಳೆಗೆ ಎಂತ ಅಳತೆ ಮಾರಾಯ್ರೆ" ಅಂದವರೇ ಈಗ ಫೈಲಿನ ಜೆರಾಕ್ಸ್ ಕೇಳುತ್ತಾರೆ. ಸೋರುವುದು ಎಲ್ಲಿಂದ ಅಂತ ಜುಲೈಯಲ್ಲಿ ಕಣ್ಣಿಗೆ ಕಾಣುತ್ತದೆ. ಹೆಚ್ಚಿನ ಸಲ ಸ್ಲ್ಯಾಬಿನ ನಡುವೆ ಅಲ್ಲ, ಪ್ಯಾರಪೆಟ್ (ತಾರಸಿಯ ಅಂಚಿನ ಗಿಡ್ಡ ಗೋಡೆ) ಕೂಡುವ ಮೂಲೆಯಲ್ಲಿ. ಹಿಂದೆ ಮಾರ್ಚಿನಲ್ಲಿ ಬಳಿಸಿದ ವಾಟರ್‌ಪ್ರೂಫ್ ಕೋಟಿಂಗ್‌ಗೆ ಸುಮಾರು ಒಂದೂವರೆ ಲಕ್ಷ ಹೋಗಿತ್ತು, ಒಂದೇ ಮಳೆಗಾಲಕ್ಕೆ ಸಿಪ್ಪೆ ಎದ್ದಿತು. ಈಗ ತಾರಸಿ ಮೇಲೆ ಶೀಟಿನ ಮಾಡು (ಚಾವಣಿ). ನೈಋತ್ಯದ ಬದಿಗೆ ಇಳಿಜಾರು ಉದ್ದ ಬಿಡಬೇಕು. ಕಡಲ ಗಾಳಿಗೆ ಮೊದಲು ತುಕ್ಕು ಹಿಡಿಯುವುದು ಸ್ಕ್ರೂ, ಶೀಟಲ್ಲ.

ರಿಪೇರಿ ಎಸ್ಟಿಮೇಟಿನಲ್ಲಿ ಹೊಸ ಕೋಣೆ ಸೇರಿಸಬೇಡಿ. ಸರ್ಕಾರಿ ಲೆಕ್ಕದಲ್ಲಿ ಆರೋಗ್ಯಕ್ಕೆ ಎರಡು ಲೆಕ್ಕ ಶೀರ್ಷಿಕೆ: ರಿಪೇರಿ 2210ರ ರಾಜಸ್ವ ವೆಚ್ಚ, ಹೊಸ ಕಟ್ಟಡ 4210ರ ಬಂಡವಾಳ ವೆಚ್ಚ. ಎರಡೂ ಬೆರೆತ ಫೈಲು ವಾಪಸ್ ಬಂದೇ ಬರುತ್ತದೆ.

ನಿಜವಾದ ಲಾಭ ಬಂದದ್ದು ಖರ್ಚಿನ ಸರದಿಯಿಂದ. ಮಾರ್ಚ್ 31ಕ್ಕೆ ಸಾಯುವ ರಾಜ್ಯದ ದುಡ್ಡು ಮೊದಲು ಮುಗಿಯಬೇಕು. ಆಮೇಲೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಮುಕ್ತ ನಿಧಿ (ಅನ್‌ಟೈಡ್ ಫಂಡ್, ಸ್ಥಳೀಯ ಅಗತ್ಯಕ್ಕೆ ಬಳಸುವ ಹಣ). ಇದರಲ್ಲಿ ಕೇಂದ್ರ-ರಾಜ್ಯದ ಪಾಲು 60:40, ನಮ್ಮಂಥ ಸಮುದಾಯ ಆರೋಗ್ಯ ಕೇಂದ್ರಕ್ಕೆ ಹೆಚ್ಚೆಂದರೆ 5 ಲಕ್ಷ. ಸಂಬಳಕ್ಕೆ, ವಾಹನ ಖರೀದಿಗೆ ಮುಟ್ಟುವಂತಿಲ್ಲ. 2021ರ ಜುಲೈಯಲ್ಲಿ ಹಣ ರಾಜ್ಯದ ಒಂದೇ ನೋಡಲ್ ಖಾತೆಗೆ ಹೋಯಿತು, ನಮಗೆ ಉಳಿದದ್ದು ಖರ್ಚಿನ ಮಿತಿ ಮಾತ್ರ. ಖಾತೆಯಲ್ಲಿ ಕೂಡಿಟ್ಟು ಆಮೇಲೆ ನೋಡುವ ಕಾಲ ಹೋಯಿತು.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕ್ಲೇಮಿನಿಂದ ಆರೋಗ್ಯ ರಕ್ಷಾ ಸಮಿತಿಗೆ (ಆಸ್ಪತ್ರೆಯ ಆಡಳಿತ ನೋಡುವ ಸ್ಥಳೀಯ ಸಮಿತಿ) ಬಂದ ಹಣ ಲ್ಯಾಪ್ಸ್ ಆಗುವುದಿಲ್ಲ, ಅದನ್ನು ಕೊನೆಗೆ ಮುಟ್ಟಿ. ಕ್ಲೇಮು ತಿರಸ್ಕಾರವಾಗುವುದು ಸಣ್ಣದಕ್ಕೇ: ಕೇಸ್‌ಶೀಟಿನ ತಾರೀಕು ಒಂದು, ಡಿಸ್ಚಾರ್ಜ್ ಸಮ್ಮರಿಯದ್ದು ಇನ್ನೊಂದು. ಬಿಡುಗಡೆಯ ದಿನವೇ ವಾರ್ಡಿನ ಸಿಸ್ಟರ್ ಎರಡನ್ನೂ ತಾಳೆ ನೋಡಿ ಸಹಿ ಹಾಕುವ ಪದ್ಧತಿ ತಂದ ಮೇಲೆ ತಿರಸ್ಕಾರ ಅರ್ಧಕ್ಕಿಂತ ಕೆಳಗೆ ಇಳಿಯಿತು.

ಸಮಿತಿಯ ಆ ಹಣದಲ್ಲೇ ಲಸಿಕೆಯ ಐಎಲ್‌ಆರ್‌ಗೆ (ಲಸಿಕೆ ಇಡುವ ವಿಶೇಷ ಫ್ರಿಜ್) ಬೇರೆ ಸ್ಟೆಬಿಲೈಸರ್, ಬೇರೆ ಅರ್ಥಿಂಗ್ ಹಾಕಿಸಿ ನೋಡಿದೆ. ಸಿಡಿಲಿನ ದಿನಗಳಲ್ಲೂ ಉಷ್ಣತೆ 2ರಿಂದ 8 ಡಿಗ್ರಿಯೊಳಗೇ ನಿಂತಿತು. ಖರ್ಚು ಇಪ್ಪತ್ತು ಸಾವಿರದ ಆಸುಪಾಸು.

ಇಂಜಿನಿಯರನ್ನು ಜಡಿಮಳೆಗೆ ತಾರಸಿ ಹತ್ತಿಸುವ ಉಪಾಯ ಮಾತ್ರ ಇಲ್ಲಿ ಬರೆಯುವುದಿಲ್ಲ. ಸೆಪ್ಟೆಂಬರಿನಲ್ಲಿ ಟೆಂಡರು, ಅಕ್ಟೋಬರ್ ಕೊನೆಗೆ ಕೆಲಸ, ಡಿಸೆಂಬರಿಗೆ ಬಿಲ್ಲು. ಆಕ್ಷೇಪಣೆ ಬಂದರೂ ಉತ್ತರಿಸಲು ಮೂರು ತಿಂಗಳು ಕೈಯಲ್ಲಿರುತ್ತದೆ.