ಎಕ್ಸ್‌ರೇ ಕೋಣೆಯಲ್ಲಿ ದೂರ, ಏಪ್ರನ್ ಮತ್ತು ಬ್ಯಾಡ್ಜ್

ಕೊಡಗಿನಲ್ಲಿ ಕರಿಮೆಣಸಿನ ಕೊಯ್ಲಿನ ಕಾಲದಲ್ಲಿ ಏಣಿಯಿಂದ ಬಿದ್ದು ಕೈಕಾಲು ಮುರಿದುಕೊಂಡವರು ಎಕ್ಸ್‌ರೇಗೆ ಬಂದಾಗ, ತೋಟದಿಂದ ಜೊತೆಗೆ ಬಂದವರು ಅವರ ಕೈ ಹಿಡಿದುಕೊಂಡು ಕೋಣೆಯೊಳಗೇ ನಿಲ್ಲಬಯಸುತ್ತಾರೆ. ಅವರನ್ನು ಸಮಾಧಾನದಿಂದ ಹೊರಗೆ ಕಳುಹಿಸಬೇಕು. ಏಕೆಂದರೆ ಪಕ್ಕದಲ್ಲಿ ನಿಂತವರಿಗೆ ಮುಖ್ಯವಾಗಿ ತಗಲುವುದು ರೋಗಿಯ ಮೈಗೆ ಬಿದ್ದು ಸುತ್ತಲೂ ಚದುರುವ ವಿಕಿರಣ; ಎಕ್ಸ್‌ರೇಯಿಂದ ರೋಗಿಗಾದರೂ ಒಂದು ಚಿತ್ರ ಸಿಗುತ್ತದೆ, ಪಕ್ಕದವರಿಗೆ ಏನೂ ಸಿಗುವುದಿಲ್ಲ.

ದೂರದಷ್ಟು ಸುಲಭವಾದ ರಕ್ಷಣೆ ಬೇರೆ ಇಲ್ಲ. 1 ಮೀಟರ್ ದೂರದಲ್ಲಿ ನಿಂತವರು 2 ಮೀಟರಿಗೆ ಸರಿದರೆ ತಗಲುವ ವಿಕಿರಣ ಸುಮಾರು ಕಾಲು ಭಾಗಕ್ಕೆ, 3 ಮೀಟರಿಗೆ ಸರಿದರೆ ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ವಾರ್ಡಿನಲ್ಲಿ ಮೊಬೈಲ್ ಎಕ್ಸ್‌ರೇ ಯಂತ್ರ ಬಳಸುವಾಗ ಸ್ವಿಚ್ಚಿನ ವೈರನ್ನು ಪೂರ್ತಿ ಎಳೆದು, ವಿಕಿರಣ ತಡೆಯುವ ಸೀಸದ ಏಪ್ರನ್ ಧರಿಸಿ, ದೂರ ನಿಂತೇ ಒತ್ತಬೇಕು. ಮಗುವನ್ನು ಹಿಡಿಯಲೇಬೇಕಾದರೆ ಗರ್ಭಿಣಿಯಲ್ಲದ ಮನೆಯವರೊಬ್ಬರು ಸೀಸದ ಏಪ್ರನ್ ತೊಟ್ಟು, ನೇರ ಕಿರಣದ ಹಾದಿಗೆ ಕೈಯೊಡ್ಡದೆ ಹಿಡಿಯಲಿ. ದಿನವೂ ಅಲ್ಲೇ ದುಡಿಯುವ ಸಿಬ್ಬಂದಿಗೆ ಆ ಕೆಲಸ ಒಪ್ಪಿಸಬಾರದು.

ಅಳತೆಯಲ್ಲಿ ಎರಡು ಮಾತು ತಿಳಿದಿರಬೇಕು. 1 ಕಿಲೋ ದ್ರವ್ಯ 1 ಜೂಲ್ ಶಕ್ತಿ ಹೀರಿಕೊಂಡರೆ ಅದು 1 ಗ್ರೇ. ಆ ಶಕ್ತಿಯಿಂದ ದೇಹಕ್ಕಾಗಬಹುದಾದ ಹಾನಿಯನ್ನು ತೂಗಿ ಹೇಳುವುದು ಸೀವರ್ಟ್. ಎದೆಯ ಒಂದು ಎಕ್ಸ್‌ರೇ ಮಿಲಿಸೀವರ್ಟಿನ ಹತ್ತನೇ ಒಂದು ಭಾಗವನ್ನೂ ಸಾಮಾನ್ಯವಾಗಿ ಮೀರುವುದಿಲ್ಲ. ನೆಲ, ಗಾಳಿ, ಆಕಾಶದಿಂದ ಸಹಜವಾಗಿ ಬರುವುದೇ ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ರೋಗಿಗಳ ಭಯ ಕಳೆಯಲು ಈ ಹೋಲಿಕೆ ಹೇಳಿದರೆ ಸಾಕು. ಸಿಬ್ಬಂದಿಗೆ ನಮ್ಮ ದೇಶದಲ್ಲಿರುವ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30.

ಆ ಲೆಕ್ಕ ಇಡುವುದು ಟಿಎಲ್‌ಡಿ (ಥರ್ಮೋಲ್ಯುಮಿನೆಸೆಂಟ್ ಡೋಸಿಮೀಟರ್) ಬ್ಯಾಡ್ಜ್, ಅಂದರೆ ಮೈಗೆ ತಗಲಿದ ವಿಕಿರಣವನ್ನು ಅಳೆಯುವ ಬಿಲ್ಲೆಗಳ ಬ್ಯಾಡ್ಜ್. ಅದನ್ನು ಎದೆಯ ಮಟ್ಟದಲ್ಲಿ, ಏಪ್ರನ್ನಿನ ಒಳಗೆ ಧರಿಸಬೇಕು. ಅದರೊಳಗಿನ ಮೂರು ಪುಟ್ಟ ಬಿಲ್ಲೆಗಳು ತಗಲಿದ ಶಕ್ತಿಯನ್ನು ಹಿಡಿದಿಟ್ಟುಕೊಂಡು, ಪ್ರಯೋಗಾಲಯದಲ್ಲಿ ಬಿಸಿ ಮಾಡಿದಾಗ ಬೆಳಕಾಗಿ ಬಿಟ್ಟುಕೊಡುತ್ತವೆ. ಕೋಣೆಯಲ್ಲೇ ಬಿಟ್ಟು ಹೋದ ಬ್ಯಾಡ್ಜ್ ಗೋಡೆಗೆ ತಗಲಿದ ವಿಕಿರಣವನ್ನು ನಿಮ್ಮ ಹೆಸರಿಗೆ ಬರೆದೀತು, ಹಾಕಿಕೊಳ್ಳದ ಬ್ಯಾಡ್ಜ್ ಏನನ್ನೂ ಹೇಳದು.

ಏಪ್ರನ್ನನ್ನು ಮಡಚಿ ಕುರ್ಚಿಯ ಮೇಲೆ ಎಸೆಯುವುದು ಅನೇಕ ಕಡೆ ರೂಢಿಯಾಗಿದೆ, ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಮಡಿಕೆಯ ಜಾಗದಲ್ಲಿ ಒಳಗಿನ ಸೀಸದ ಪದರ ಬಿರಿಯುತ್ತದೆ, ಹೊರಬಟ್ಟೆ ಮಾತ್ರ ಹೊಸದರಂತೆಯೇ ಕಾಣುತ್ತದೆ. ಅದನ್ನು ಅಗಲವಾದ ಹ್ಯಾಂಗರಿಗೆ ತೂಗುಹಾಕಿ, ವರ್ಷಕ್ಕೊಮ್ಮೆಯಾದರೂ ಏಪ್ರನ್ನಿನದೇ ಎಕ್ಸ್‌ರೇ ತೆಗೆದು ನೋಡಬೇಕು. ಬಿರುಕಿದ್ದರೆ ಬಿಳಿಯ ಹಿನ್ನೆಲೆಯಲ್ಲಿ ಕಪ್ಪು ಗೆರೆಯಾಗಿ ಕಾಣುತ್ತದೆ.