ತಡವಾಗಿ ಏರುವ ನಾಡಿ

ಹುಡುಗನಿಗೆ 15 ವರ್ಷ. ಗೋಕಾಕ ಕಡೆಯ ಹಳ್ಳಿಯವನು. ಹೃದಯ ಕಸಿ ಆಗಿ ನಾಲ್ಕು ತಿಂಗಳಾಗಿತ್ತು. ಬೆಳಗಾವಿಯ ಟಿಳಕವಾಡಿಯಲ್ಲಿರುವ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಮಾಸ್ಕ್ ಹಾಕಿಕೊಂಡು ಅಪ್ಪನ ಜೊತೆ ಬಂದ. ಕೂರಿಸಿ ನಾಡಿ ನೋಡಿದೆ, 104. ಹೆದರಿದ್ದಾನೆ ಅಂದುಕೊಂಡು ನೀರು ಕೊಟ್ಟು, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದೆ. 103.

ಓದಿದ್ದು ಆಗ ನೆನಪಾಯಿತು. ಕಸಿ ಮಾಡುವಾಗ ರಕ್ತನಾಳಗಳನ್ನು ಹೊಲಿಯುತ್ತಾರೆ, ತುಂಡಾದ ನರಗಳನ್ನು ಜೋಡಿಸಲು ಆಗುವುದಿಲ್ಲ. ಹೃದಯವನ್ನು ನಿಧಾನ ಮಾಡುವ ವೇಗಸ್ ನರದ ಹಿಡಿತ ಹೋಗಿರುತ್ತದೆ. ಹಾಗಾಗಿ ಸುಮ್ನೆ ಕೂತಾಗಲೂ ನಾಡಿ 90ರಿಂದ 110ರ ಆಸುಪಾಸಿನಲ್ಲೇ ಇರುತ್ತದೆ. ನಾವು ಎದ್ದು ಓಡಿದರೆ ಕೆಲವೇ ಸೆಕೆಂಡಿನಲ್ಲಿ ಬಡಿತ ಏರುತ್ತದೆ. ಇವನದು ಬಡಿತ ಏರಿಸುವ ಹಾರ್ಮೋನು ಅಡ್ರಿನಲಿನ್ ರಕ್ತದಲ್ಲಿ ಬರುವ ತನಕ ಕಾಯಬೇಕು, ಅದಕ್ಕೆ ಕೆಲವು ನಿಮಿಷ ಬೇಕು. ಅಲ್ಲಿಯವರೆಗೆ ಕಾಲಿನ ಸ್ನಾಯುಗಳು ಮೇಲಕ್ಕೆ ತಳ್ಳುವ ರಕ್ತವೇ ಆಸರೆ.

ಇಷ್ಟು ಗೊತ್ತಿದ್ದೂ ಮೊದಲ ದಿನವೇ ತಪ್ಪು ಮಾಡಿದೆ. ಹತ್ತು ನಿಮಿಷ ನಡೆಸಿ, ಬೇರೆಯವರಿಗೆ ಹೇಳುವ ಹಾಗೆ "ಸಾಕು, ಕೂತ್ಕೋ" ಅಂದುಬಿಟ್ಟೆ. ಕೂತವನ ಮುಖ ಬಿಳಿಚಿಕೊಂಡಿತು, ತಲೆ ಸುತ್ತಿತು. ಮಲಗಿಸಿ ಕಾಲು ಎತ್ತರದಲ್ಲಿಟ್ಟೆ. ನಡಿಗೆ ನಿಲ್ಲಿಸಿ ಎರಡು ನಿಮಿಷವಾದರೂ ನಾಡಿ ಏರುತ್ತಲೇ ಇತ್ತು. ಅವತ್ತಿನಿಂದ ಶುರುವಿಗೆ 10 ನಿಮಿಷ, ಕೊನೆಗೆ 10 ನಿಮಿಷ ನಿಧಾನ ನಡಿಗೆ. ಇದರಲ್ಲಿ ರಿಯಾಯಿತಿ ಇಲ್ಲ.

ನಾಡಿ ನೋಡಿ ಶ್ರಮ ಅಳೆಯಲು ಬರಲ್ಲ ಅಂದಮೇಲೆ ಅವನನ್ನೇ ಕೇಳಬೇಕು, ಅಲ್ವಾ? ಎಷ್ಟು ತ್ರಾಸು ಅನಿಸುತ್ತದೆ ಅಂತ ಅಂಕಿಯಲ್ಲಿ ಹೇಳುವ, 6ರಿಂದ 20ರವರೆಗಿನ ಬೋರ್ಗ್ ಅಳತೆಯನ್ನು ರಟ್ಟಿನ ಮೇಲೆ ನಮ್ಮ ಮಾತಿನಲ್ಲೇ ಬರೆದೆ. 6 ಅಂದರೆ ಸುಮ್ನೆ ಕೂತಂಗ, 13 ಅಂದರೆ ಸ್ವಲ್ಪ ತ್ರಾಸು, 17 ಅಂದರೆ ಭಾಳ ತ್ರಾಸು. 11ರಿಂದ 13ರೊಳಗೆ ಇರಬೇಕು ಅಂತ ಹೇಳಿದ್ದೆ. ಪುಣ್ಯಾತ್ಮ ಯಾವಾಗ ಕೇಳಿದರೂ "ಹನ್ನೊಂದ್ರಿ ಮೇಡಂ" ಅನ್ನುತ್ತಿದ್ದ. ಒಂದು ದಿನ ನಡೆಯುತ್ತಿರುವಾಗಲೇ ಬೆಳಿಗ್ಗೆ ಏನು ಉಂಡೆ ಅಂತ ಕೇಳಿದೆ. "ರೊಟ್ಟಿ..." ಅಂದು ಉಸಿರು ಎಳೆದುಕೊಂಡ, ಆಮೇಲೆ "ಕಾಳು ಪಲ್ಯ" ಅಂದ. ಅದು ಹನ್ನೊಂದಲ್ಲ ಅಂತ ಗೊತ್ತಾಯಿತು. ಆಮೇಲೆ ರಟ್ಟಿನ ಜೊತೆ, ಮಾತಾಡುವಾಗ ಉಸಿರು ಕಟ್ಟುತ್ತದಾ ಅಂತಲೂ ನೋಡುತ್ತಿದ್ದೆ.

ನರವಿಲ್ಲದ ಹೃದಯಕ್ಕೆ ತೊಂದರೆಯಾದರೂ ಎದೆನೋವು ಗೊತ್ತಾಗದೆ ಇರಬಹುದು. ಅದಕ್ಕೇ ಹೊಸದಾಗಿ ದಮ್ಮು, ಕಾಲು ಬಾವು, ದಿಢೀರನೆ ತೂಕ ಜಾಸ್ತಿ, ಕಾರಣವಿಲ್ಲದ ಸುಸ್ತು ಕಂಡರೆ ಆ ದಿನ ವ್ಯಾಯಾಮ ಬಂದ್. ಮೊದಲು ಕಸಿ ಮಾಡಿದ ವೈದ್ಯರಿಗೆ ಫೋನ್.

ನಿಜ ಹೇಳಬೇಕೆಂದರೆ ಹೃದಯಕ್ಕಿಂತ ಕಾಲುಗಳೇ ಸೋತಿದ್ದವು. ತಿಂಗಳುಗಟ್ಟಲೆ ಹಾಸಿಗೆ, ಮೇಲೆ ಸ್ನಾಯು ಸೊರಗಿಸುವ ಸ್ಟಿರಾಯ್ಡ್ ಔಷಧಿ. ಕೈ ಊರದೆ ಕುರ್ಚಿಯಿಂದ ಎದ್ದದ್ದು ಮೊದಲ ದಿನ ನಾಲ್ಕೇ ಸಲ. ಮೂರು ತಿಂಗಳಲ್ಲಿ ಹದಿನಾಲ್ಕಕ್ಕೆ ಬಂದ. ಇಂಥ ಮಕ್ಕಳಲ್ಲಿ ಹೆಚ್ಚಿನವರ ತಾಕತ್ತು ಓರಗೆಯವರಷ್ಟು ಆಗುವುದಿಲ್ಲ. ಆದರೆ ಅಭ್ಯಾಸದಿಂದ ಏರುತ್ತದೆ. ವರ್ಷಗಳು ಕಳೆದಂತೆ ಕೆಲವರಲ್ಲಿ ನರಗಳೂ ಸ್ವಲ್ಪ ಚಿಗುರುತ್ತವೆ.

ಅಪ್ಪನ ಹೆದರಿಕೆಯೇ ದೊಡ್ಡದಿತ್ತು. "ಮಂದಿ ಕೊಟ್ಟ ಜೀವಾರೀ ಮೇಡಂ, ಜ್ವಾಕಿ ಮಾಡಬೇಕಲ್ರಿ" ಅಂತ ಮಗನನ್ನು ಮಲಗಿಸಿಯೇ ಇಡುತ್ತಿದ್ದರು. ಜ್ವಾಕಿ ಅಂದರೆ ನಡೆಸೋದೇ ಅಂತ ಅವರನ್ನೂ ಜೊತೆಗೆ ನಡೆಸಿದೆ. ಕಣಕಿ ಬಣವೆ, ತಿಪ್ಪೆಯ ಹತ್ತಿರ ಮಾತ್ರ ಕಳಿಸಬೇಡಿ ಅಂದೆ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯ ಮೇಲಿರುವ ಈ ಮಕ್ಕಳಿಗೆ ಅಲ್ಲಿನ ಬೂಷ್ಟಿನಿಂದ ಸೋಂಕು ಬೇಗ ತಗಲುತ್ತದೆ.

ಕಬಡ್ಡಿ ಯಾವಾಗ ಅಂತ ಹುಡುಗ ಈಗಲೂ ಕೇಳುತ್ತಾನೆ. ಅದನ್ನು ಅವನ ವೈದ್ಯರೇ ಹೇಳಬೇಕು. ಸದ್ಯ ಜನ ಕಡಿಮೆ ಇರುವ ಹೊತ್ತು ನೋಡಿ ವ್ಯಾಕ್ಸಿನ್ ಡಿಪೋ ಮೈದಾನದ ಮರಗಳ ಕೆಳಗೆ ಅಪ್ಪ, ಮಗ ಇಬ್ಬರೂ ನಡೆಯುತ್ತಾರೆ. ಕೊನೆಯ 10 ನಿಮಿಷ ಬಂತೆಂದರೆ ಅಪ್ಪನೇ "ಸಾವಕಾಶ ತಮ್ಮಾ, ಸಾವಕಾಶ" ಅನ್ನುತ್ತಾರೆ.