ಅಕ್ಷರಕ್ಕೊಂದು ಮನೆ: ಟೈಪ್‌ರೈಟರ್ ಕವಿತೆಯ ನನ್ನ ಅನುಭವ

ಇಂಗ್ಲಿಷ್ ಟೈಪ್‌ರೈಟರಿನಲ್ಲಿ ‘ಐ’ ಅಕ್ಷರಕ್ಕೂ ‘ಡಬ್ಲ್ಯೂ’ ಅಕ್ಷರಕ್ಕೂ ಸಿಗುವುದು ಒಂದೇ ಅಗಲದ ಜಾಗ. ಪೈಕಾ ಅಳತೆಯ ಯಂತ್ರವಾದರೆ ಅಡ್ಡಕ್ಕೆ ಅಂಗುಲವೊಂದಕ್ಕೆ 10 ಅಕ್ಷರ, ಉದ್ದಕ್ಕೆ ಅಂಗುಲವೊಂದಕ್ಕೆ 6 ಸಾಲು. ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಜೂನಿಯರ್ ಪರೀಕ್ಷೆಗೆ ಅಭ್ಯಾಸ ಮಾಡುತ್ತಿದ್ದಾಗ ಈ ಲೆಕ್ಕ ನನಗೆ ಬಾಯಿಪಾಠವಾಗಿತ್ತು; ಶೀರ್ಷಿಕೆಯನ್ನು ಹಾಳೆಯ ನಡುವೆ ತರುವುದಕ್ಕೂ ಕೋಷ್ಟಕದ ಕಂಬಸಾಲುಗಳನ್ನು ಹೊಂದಿಸುವುದಕ್ಕೂ ಅದು ಬೇಕಿತ್ತು. ಆ ಲೆಕ್ಕವೇ ಒಂದು ಛಂದಸ್ಸಾಗಬಲ್ಲದೆಂದು ನನಗೆ ಹೊಳೆದದ್ದು ಮೂವತ್ತು ವರ್ಷಗಳ ಬಳಿಕ, ಕೆಲಸದ ನಿಮಿತ್ತ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ನೆಲೆಸಿ, ಅಲ್ಲಿನ ಮಠವೊಂದರಲ್ಲಿ ಬದುಕಿದ್ದ ಸನ್ಯಾಸಿಯೊಬ್ಬರ ಹಾಳೆಗಳನ್ನು ಕಂಡ ಮೇಲೆ.

ಅವರು ಡಾಮ್ ಸಿಲ್ವೆಸ್ಟರ್ ಹುವೆಡಾರ್ (1924–1992). ಗರ್ನ್‌ಸಿ ದ್ವೀಪದಲ್ಲಿ ಹುಟ್ಟಿ, 1949ರಲ್ಲಿ ಪ್ರಿಂಕ್‌ನ್ಯಾಶ್‌ನ ಬೆನೆಡಿಕ್ಟೈನ್ ಮಠವನ್ನು ಸೇರಿದವರು. ಆ ಹೆಸರನ್ನು ಇಲ್ಲಿಯವರು ‘ಪ್ರಿನಿಜ್’ ಎಂದು ಉಚ್ಚರಿಸುತ್ತಾರೆ. ಜೆರುಸಲೇಮ್ ಬೈಬಲಿನ ಇಂಗ್ಲಿಷ್ ಆವೃತ್ತಿಯ ಸಂಪಾದನೆಯಲ್ಲಿ ದುಡಿದ ಈ ವಿದ್ವಾಂಸರು ಆಲಿವೆಟ್ಟಿ ಲೆಟೆರಾ 22 ಎಂಬ ಪುಟ್ಟ ಯಂತ್ರದಲ್ಲಿ, ಬಣ್ಣದ ರಿಬ್ಬನ್ನು ಮತ್ತು ಕಾರ್ಬನ್ ಹಾಳೆಗಳ ನೆರವಿನಿಂದ, ಗಾಳಿಯಲ್ಲಿ ತೇಲುವ ಮೆಟ್ಟಿಲುಗಳಂತೆಯೂ ತಿರುಚಿದ ಪಟ್ಟಿಗಳಂತೆಯೂ ಕಾಣುವ ರಚನೆಗಳನ್ನು ಮಾಡಿದರು. ಅವುಗಳಿಗೆ ‘ಟೈಪ್‌ಸ್ಟ್ರ್ಯಾಕ್ಟ್’ ಎಂಬ ಹೆಸರು ಕೊಟ್ಟವನು ಗ್ಲಾಸ್ಗೋದ ಕವಿ ಎಡ್ವಿನ್ ಮಾರ್ಗನ್.

ಇಂಥ ಬರಹಕ್ಕೆ ಕನ್ನಡದಲ್ಲಿ ‘ದೃಶ್ಯಕಾವ್ಯ’ ಎನ್ನಲು ನನಗೆ ಮನಸ್ಸಿಲ್ಲ, ಏಕೆಂದರೆ ನಮ್ಮ ಮೀಮಾಂಸೆಯಲ್ಲಿ ಆ ಪದ ನಾಟಕಕ್ಕೆ ಮೀಸಲು. ‘ಚಿತ್ರಕಾವ್ಯ’ ಎಂದರೆ ಅಕ್ಷರಗಳನ್ನು ಒಂದು ಆಕಾರಕ್ಕೆ ಹೊಂದಿಸುವ ಪದ್ಮಬಂಧ, ಗೋಮೂತ್ರಿಕೆಗಳು ನೆನಪಾಗುತ್ತವೆ, ಜೊತೆಗೆ ಕಾವ್ಯಮೀಮಾಂಸಕ ಮಮ್ಮಟನು ಅದಕ್ಕೆ ಕೊಟ್ಟ ‘ಅಧಮ’ ಎಂಬ ದರ್ಜೆಯೂ ನೆನಪಾಗುತ್ತದೆ. ಆದ್ದರಿಂದ ಕಾಂಕ್ರೀಟ್ ಕವಿತೆ ಎಂದೇ ಕರೆಯುತ್ತೇನೆ, ಅಂದರೆ ಹಾಳೆಯ ಮೇಲೆ ಪದಗಳು ನಿಂತ ಬಗೆಯೂ ಅರ್ಥದ ಭಾಗವಾಗುವ ಕವಿತೆ. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಯೂಗೆನ್ ಗೊಮ್ರಿಂಗರ್ ಮತ್ತು ಬ್ರೆಜಿಲ್‌ನ ನೊಯ್‌ಗಾಂದ್ರೆಸ್ ಬಳಗ ಕಟ್ಟಿದ ಈ ಮಾರ್ಗದ ಸುದ್ದಿಯನ್ನು ಬ್ರಿಟನ್ನಿನ ಕವಿಗಳಿಗೆ ಮುಟ್ಟಿಸಿದ್ದು, ಪೋರ್ಚುಗಲ್‌ನ ಕವಿ ಮೆಲು ಇ ಕಾಸ್ತ್ರು 1962ರ ಮೇ ತಿಂಗಳಲ್ಲಿ ಟೈಮ್ಸ್ ಲಿಟರರಿ ಸಪ್ಲಿಮೆಂಟಿಗೆ ಬರೆದ ಒಂದು ಪತ್ರ. ಮೂರೇ ವರ್ಷಗಳಲ್ಲಿ, 1965ರ ಹೊತ್ತಿಗೆ, ಲಂಡನ್ನಿನ ಸಮಕಾಲೀನ ಕಲಾಸಂಸ್ಥೆಯಲ್ಲಿ ಕವಿತೆ ಮತ್ತು ಚಿತ್ರಕಲೆಯ ನಡುವಣ ಈ ಬಗೆಯ ಕೃತಿಗಳದೇ ಪ್ರದರ್ಶನವೊಂದು ನಡೆಯಿತು.

ನಾನು ಹಳೆಯ ಲೆಟೆರಾ 22 ಒಂದನ್ನು ಕೊಂಡು ತಂದು ಮೊದಲು ಮಾಡಿದ ಕೆಲಸ ಗೋಪುರದ ಆಕಾರದಲ್ಲಿ ‘ಗೋಪುರ’ ಎಂಬರ್ಥದ ಇಂಗ್ಲಿಷ್ ಪದವನ್ನು ಪೇರಿಸಿದ್ದು. ನೋಡಲು ಅಂದವಾಗಿತ್ತು, ಆದರೆ ಒಂದು ವಾರ ಗೋಡೆಯ ಮೇಲಿದ್ದ ಆ ಹಾಳೆ ಎರಡನೆಯ ದಿನಕ್ಕೇ ಹೇಳುವುದನ್ನು ನಿಲ್ಲಿಸಿತ್ತು. ಪದ ಹೇಳಿದ್ದನ್ನೇ ಆಕಾರವೂ ಹೇಳುತ್ತಿತ್ತು. ಎರಡರಲ್ಲಿ ಯಾವುದನ್ನು ತೆಗೆದರೂ ನಷ್ಟವಿರಲಿಲ್ಲ. ಸ್ಕಾಟ್ಲೆಂಡಿನ ಕವಿ ಇಯಾನ್ ಹ್ಯಾಮಿಲ್ಟನ್ ಫಿನ್ಲೆ 1966ರಲ್ಲಿ ಮಾಡಿದ ಒಂದು ಮುದ್ರಿತ ಕವಿತೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ತಪ್ಪು ಎಲ್ಲಿದೆ ಎಂಬುದು ತಿಳಿಯಿತು. ಅದರಲ್ಲಿ ನಕ್ಷತ್ರ ಎಂಬರ್ಥದ ‘ಸ್ಟಾರ್’ ಪದ ಅಲೆಯಲೆಯಾಗಿ ಕೆಳಗಿಳಿಯುತ್ತಾ ಬಂದು, ಕಟ್ಟಕಡೆಯಲ್ಲಿ, ಚುಕ್ಕಾಣಿ ತಿರುಗಿಸು ಎಂಬರ್ಥದ ‘ಸ್ಟಿಯರ್’ ಆಗುತ್ತದೆ. ಅಲ್ಲಿ ನಕ್ಷತ್ರದ ಚಿತ್ರವೂ ಇಲ್ಲ, ದೋಣಿಯ ಚಿತ್ರವೂ ಇಲ್ಲ. ಪದ ತಾನು ನಿಂತ ಜಾಗದಿಂದಲೇ ಅಲ್ಲಾಡುತ್ತದೆ, ಕೊನೆಯ ಬದಲಾವಣೆಯೊಂದರಿಂದಲೇ ದಾರಿ ಕಂಡುಕೊಳ್ಳುತ್ತದೆ. ಫಿನ್ಲೆ 1963ರಲ್ಲಿ ಫ್ರೆಂಚ್ ಕವಿ ಪಿಯರ್ ಗಾರ್ನಿಯೆಗೆ ಬರೆದ ಪತ್ರದಲ್ಲಿ, ಸುತ್ತಲೂ ಸಂಶಯವೇ ತುಂಬಿದ್ದರೂ ಕಾಂಕ್ರೀಟ್ ಕವಿತೆಯು ಕ್ರಮದ ಒಂದು ಮಾದರಿ ಎಂಬ ಅರ್ಥದ ಮಾತು ಹೇಳಿದ್ದಾನೆ. ಅವನು ಅದೇ 1966ರಿಂದ ಎಡಿನ್‌ಬರೋದ ನೈಋತ್ಯಕ್ಕಿರುವ ಪೆಂಟ್‌ಲ್ಯಾಂಡ್ ಗುಡ್ಡಗಳ ಸ್ಟೋನಿಪಾತ್‌ನಲ್ಲಿ ಬೆಳೆಸಿದ, ಮುಂದೆ ಲಿಟಲ್ ಸ್ಪಾರ್ಟಾ ಎಂದು ಹೆಸರಾದ ತೋಟದಲ್ಲಿ, ಬಂಡೆಗೊಂದು ಪದದಂತೆ ಕೆತ್ತಿದ ವಾಕ್ಯವೊಂದರ ನಡುವೆ ನಡೆದಾಡಿದಾಗ, ಪದಗಳ ನಡುವಿನ ಖಾಲಿ ಜಾಗವೂ ಕವಿತೆಯ ಭಾಗವೆಂಬುದನ್ನು ನನ್ನ ಕಾಲುಗಳೂ ಒಪ್ಪಿಕೊಂಡವು.

ಮರಳಿ ಬಂದು ಹುವೆಡಾರ್ ಅವರ ದಾರಿಯಲ್ಲಿ ಯಂತ್ರವನ್ನೇ ಕಲಿಯತೊಡಗಿದೆ. ಒಂದು ಅಕ್ಷರ ಹೊಡೆದು ಒಂದು ಸಾಲು ಇಳಿಸುತ್ತಾ ಹೋದರೆ ಓರೆಗೆರೆ 45 ಡಿಗ್ರಿಯಲ್ಲಿ ಬೀಳುವುದಿಲ್ಲ. ಅಕ್ಷರವೊಂದಕ್ಕೆ ಸಿಗುವ ಜಾಗ, ಅಂದರೆ ಅದರ ಮನೆ, ಅಗಲಕ್ಕಿಂತ ಎತ್ತರವಾಗಿರುವುದರಿಂದ ಅದು ಸುಮಾರು 59 ಡಿಗ್ರಿಯಷ್ಟು ಕಡಿದಾಗಿ ಇಳಿಯುತ್ತದೆ. ಅರ್ಧ ಸಾಲಿನಂತೆ ಇಳಿಸಿದರೆ ಸುಮಾರು 40 ಡಿಗ್ರಿ. ಇವೆರಡರ ನಡುವಿನ ಓರೆ ಬೇಕೆಂದರೆ ಹಾಳೆಯ ಹಿಡಿತವನ್ನು ಸಡಿಲಿಸಿ, ಹಾಳೆಯನ್ನೇ ಓರೆಯಾಗಿ ಕೂರಿಸಿ, ಮತ್ತೆ ಬಿಗಿ ಮಾಡಬೇಕು. ರೋಲರನ್ನು ಹಿಂದಕ್ಕೆ ತಿರುಗಿಸಿದಾಗ ಹಾಳೆ ಕೂದಲೆಳೆಯಷ್ಟು ಜಾರುತ್ತದೆ, ಆದ್ದರಿಂದ ಯಾವಾಗಲೂ ಬೇಕಾದ ಜಾಗಕ್ಕಿಂತ ಒಂದಿಷ್ಟು ಹೆಚ್ಚು ಹಿಂದಕ್ಕೆ ಹೋಗಿ, ಮುಂದಕ್ಕೆ ಬರುತ್ತಲೇ ಗುರಿಗೆ ನಿಲ್ಲಿಸಬೇಕೆಂಬುದನ್ನು ಹತ್ತಾರು ಹಾಳೆಗಳು ಕೆಟ್ಟ ಮೇಲೆ ಕಲಿತೆ.

ಬಣ್ಣದ ಕೆಲಸ ಇನ್ನೂ ನಾಜೂಕಿನದು. ರಿಬ್ಬನ್ನಿನ ಗುಂಡಿಯನ್ನು ಸ್ಟೆನ್ಸಿಲ್ ಸ್ಥಾನಕ್ಕೆ ಇಟ್ಟರೆ ರಿಬ್ಬನ್ನು ಮೇಲೇಳುವುದಿಲ್ಲ, ಅಚ್ಚು ಬರಿಯ ಲೋಹವಾಗಿಯೇ ಬಂದು ಬಡಿಯುತ್ತದೆ. ಸೈಕ್ಲೋಸ್ಟೈಲ್ ಯಂತ್ರಕ್ಕೆ ಸ್ಟೆನ್ಸಿಲ್ ಕತ್ತರಿಸಲೆಂದು ಇರುವ ವ್ಯವಸ್ಥೆ ಅದು; ಲಂಡನ್ನಿನ ಕವಿ ಬಾಬ್ ಕಾಬಿಂಗ್ ತನ್ನ ರೈಟರ್ಸ್ ಫೋರಂ ಪ್ರಕಟಣೆಗಳನ್ನು ಹೊರತಂದದ್ದು ಇಂಥ ಡೂಪ್ಲಿಕೇಟರಿನಲ್ಲೇ. ನಾನು ಆ ಸ್ಥಾನದಲ್ಲಿಟ್ಟು, ನೀಲಿ ಅಥವಾ ಕೆಂಪು ಕಾರ್ಬನ್ ತುಂಡೊಂದನ್ನು ಮಸಿಯ ಮುಖ ಕೆಳಗಾಗಿ ಹಾಳೆಯ ಮೇಲಿಟ್ಟು ಹೊಡೆಯುತ್ತೇನೆ. ತುಂಡು ಎತ್ತುವವರೆಗೂ ಏನು ಮೂಡಿದೆಯೆಂದು ಕಾಣುವುದಿಲ್ಲ, ಎಣಿಕೆಯನ್ನೇ ನಂಬಬೇಕು. ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿರುವ ಹುವೆಡಾರ್ ಸಂಗ್ರಹದ ಹಾಳೆಗಳನ್ನು ನೋಡುತ್ತಾ ಕುಳಿತ ದಿನ, ಆ ತೇಲುವ ಪಟ್ಟಿಗಳ ಹಿಂದೆ ಎಷ್ಟು ಎಣಿಕೆಯಿರಬೇಕು ಎಂದುಕೊಂಡೆ. ನನಗೆ ಅದು ಜಪದಂತೆಯೇ ಕಂಡಿತು, ಮತ್ತು ಸನ್ಯಾಸಿಯೊಬ್ಬರು ಈ ಕೆಲಸಕ್ಕೆ ಒಲಿದದ್ದರಲ್ಲಿ ಆಶ್ಚರ್ಯವೆನಿಸಲಿಲ್ಲ.

ಇಷ್ಟಾದರೂ ನಾನು ಮಾಡುತ್ತಿದ್ದುದು ಇಂಗ್ಲಿಷಿನ ಅಕ್ಷರಗಳಲ್ಲಿ, ಇನ್ನೊಬ್ಬರ ಯಂತ್ರದಲ್ಲಿ. ಕನ್ನಡಕ್ಕೆ ದಾರಿ ತೋರಿಸಿದವನು ಮಾರ್ಗನ್. ಅವನ ‘ಎಮರ್ಜೆಂಟ್’ ಕವಿತೆಗಳ ಕಿರುಸಂಕಲನ 1967ರಲ್ಲಿ ಬಂತು. ವಿಧಾನ ಇಷ್ಟು: ಬಲ್ಲವರೆಲ್ಲರಿಗೂ ಗೊತ್ತಿರುವ ಒಂದು ಸಾಲನ್ನು ಆರಿಸಿ, ಅದರ ಪ್ರತಿಯೊಂದು ಅಕ್ಷರವನ್ನೂ ಅದರ ಮನೆಯಲ್ಲೇ ಇರಿಸಿಕೊಂಡು, ಕೆಲವನ್ನು ಮಾತ್ರ ಕಾಣಿಸಿ ಉಳಿದವನ್ನು ಮರೆಮಾಡಿ ಬೇರೆ ಪದಗಳನ್ನು ಹೊರಡಿಸುವುದು, ಮೂಲದ ಸಾಲು ಇಡಿಯಾಗಿ ಕಾಣುವುದು ಕೊನೆಯಲ್ಲಿ ಮಾತ್ರ. ಅವನ ಪ್ರಸಿದ್ಧ ಕವಿತೆಯೊಂದು ಯೋಹಾನನ ಸುವಾರ್ತೆಯ ‘ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ’ ಎಂಬ ಮಾತಿನ ಇಂಗ್ಲಿಷ್ ರೂಪದ 28 ಅಕ್ಷರಗಳಿಂದಲೇ ಆದದ್ದು.

ಕನ್ನಡದಲ್ಲಿ ಮೊದಲು ತೀರ್ಮಾನಿಸಬೇಕಾದದ್ದು ಮನೆಯೊಂದರಲ್ಲಿ ಯಾರು ವಾಸಿಸಬೇಕು ಎಂಬುದು. ‘ಶಿ’ಯನ್ನು ಶಕಾರ, ಇಕಾರಗಳಾಗಿ ಒಡೆದರೆ ಎಷ್ಟು ಬೇಕಾದರೂ ಪದಗಳು ಸಿಗುತ್ತವೆ, ಆದರೆ ಕಣ್ಣಿಗೆ ಕಾಣುವ ಅಕ್ಷರ ಬದಲಾಗಿಬಿಡುತ್ತದೆ, ಆದ್ದರಿಂದ ಕಾಗುಣಿತವನ್ನಾಗಲಿ ಒತ್ತಕ್ಷರವನ್ನಾಗಲಿ ಮುರಿಯದೆ, ಇಡೀ ಅಕ್ಷರಕ್ಕೆ ಒಂದು ಮನೆ ಎಂದು ನಿಯಮ ಮಾಡಿಕೊಂಡೆ. ಕನ್ನಡ ಟೈಪ್‌ರೈಟರು ನನ್ನಲ್ಲಿರಲಿಲ್ಲವಾಗಿ ಕೈಯಿಂದಲೇ ಮನೆ ಹಾಕಿದೆ. ‘ಳ್ಳ’ದ ಒತ್ತು ಕೆಳಗಿನ ಸಾಲಿಗೆ ಇಳಿಯದಂತೆ ಅಳತೆಯನ್ನು ಹಲವು ಬಾರಿ ತಿದ್ದಿ, ಕೊನೆಗೆ 9 ಮಿಲಿಮೀಟರ್ ಅಗಲ, 15 ಮಿಲಿಮೀಟರ್ ಎತ್ತರಕ್ಕೆ ನಿಂತೆ. ಅದು ಮೂರಕ್ಕೆ ಐದರ ಪ್ರಮಾಣ, ಅಂದರೆ ಪೈಕಾ ಟೈಪ್‌ರೈಟರಿನ ಮನೆಯ ಪ್ರಮಾಣವೇ ಎಂಬುದು ಆಮೇಲೆ ಲೆಕ್ಕ ಹಾಕಿದಾಗ ತಿಳಿದು ಬಹಳ ಸಂತೋಷವಾಯಿತು.

ಸಾಲಿಗಾಗಿ ಹೆಚ್ಚು ಹುಡುಕಲಿಲ್ಲ. ಮಾರ್ಗನ್ ಬೈಬಲಿಗೆ ಹೋದಂತೆ ನಾನು ಬಸವಣ್ಣನವರ ವಚನಕ್ಕೆ ಹೋದೆ. ‘ಉಳ್ಳವರು ಶಿವಾಲಯವ ಮಾಡುವರು’ ಎಂಬಲ್ಲಿ 13 ಅಕ್ಷರಗಳಿವೆ. ಮೂರು ತಿಂಗಳ ಸಂಜೆಗಳಲ್ಲಿ ನೂರಕ್ಕೂ ಹೆಚ್ಚು ಸಾಲುಗಳನ್ನು ಹೊರಡಿಸಿ, ಹೆಚ್ಚಿನವನ್ನು ಬಿಟ್ಟೆ; ಪದ ಸಿಕ್ಕಿತೆಂಬ ಕಾರಣಕ್ಕೆ ಉಳಿಸಿಕೊಂಡದ್ದು ಯಾವುದೂ ಕೊನೆಯವರೆಗೆ ಬಾಳಲಿಲ್ಲ. ಉಳಿದವುಗಳಲ್ಲಿ ಕೆಲವು ಹೀಗಿವೆ, ಖಾಲಿ ಮನೆಯನ್ನು ಚುಕ್ಕಿಯಿಂದ ತೋರಿಸಿದ್ದೇನೆ:

ಉ · · · · · · · · · ಡು ವ ರು
· · · · ಶಿ · · · ವ · · · ·
· · · · · · ಲ · ವ · · · ·
ಉ ಳ್ಳ · · · · ಲ ಯ · · · · ·
· · · · · · ಲ ಯ ವ ಮಾ ಡು ವ ರು
ಉ ಳ್ಳ ವ ರು ಶಿ ವಾ ಲ ಯ ವ ಮಾ ಡು ವ ರು

ಐದನೆಯ ಸಾಲು ಕಂಡ ಸಂಜೆ ನಾನು ಲೇಖನಿ ಕೆಳಗಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಆಲಯವ ಮಾಡುವರು ಎಂಬುದರೊಳಗೇ ‘ಲಯವ ಮಾಡುವರು’ ಇದೆ; ಸ್ಥಾವರಕ್ಕೆ ಅಳಿವುಂಟು ಎಂದು ವಚನ ಕೊನೆಗೆ ಹೇಳುವುದನ್ನು ಅದರ ಮೊದಲ ಸಾಲು ಆಗಲೇ ತನ್ನೊಳಗೆ ಇಟ್ಟುಕೊಂಡಿದೆ. ವಚನಕಾರರು ಇದನ್ನು ಉದ್ದೇಶಿಸಿದ್ದರೆಂದು ನಾನು ಹೇಳುತ್ತಿಲ್ಲ. ನೂರಾರು ಸಲ ಕೇಳಿದ ಸಾಲಿನಲ್ಲಿ ಕಿವಿಗೆ ಸಿಗದೆ ಉಳಿದದ್ದು ಮನೆ ಹಾಕಿ ಕೂರಿಸಿದಾಗ ಕಣ್ಣಿಗೆ ಸಿಕ್ಕಿತು ಎಂಬಷ್ಟನ್ನು ಮಾತ್ರ ಹೇಳಬಲ್ಲೆ.

ಈಗ ಎರಡನೆಯ ಸಾಲಿನ ಕೆಲಸ ನಡೆದಿದೆ: ‘ನಾನೇನ ಮಾಡುವೆ ಬಡವನಯ್ಯಾ’, 11 ಮನೆಗಳು. ಇಲ್ಲಿ ‘ಮಾಡಲಿ’ ಎಂದು ಹೇಳುವವರೂ ಇದ್ದಾರೆ. ಈ ಬಗೆಯ ಕವಿತೆಯಲ್ಲಿ ಪಾಠಾಂತರವೆಂದರೆ ಬೇರೆಯದೇ ಕವಿತೆ, ಹಾಗಾಗಿ ನಾನು ಬಾಲ್ಯದಿಂದ ಕೇಳಿದ ಪಾಠವನ್ನೇ ಇಟ್ಟುಕೊಂಡಿದ್ದೇನೆ. ಇನ್ನೂ ಎಷ್ಟು ಸಾಲುಗಳು ಬರುತ್ತವೆಯೋ ತಿಳಿಯದು, ಆದರೆ ಕೊನೆಯ ಸಾಲಿಗಿಂತ ಒಂದು ಮೊದಲು ಬರಬೇಕಾದದ್ದು ಮಾತ್ರ ನಿಶ್ಚಯವಾಗಿದೆ. ಅದರಲ್ಲಿ ನಾನು ಮಾಡಿದ್ದು ಮೂರನೆಯ ಮನೆಯನ್ನು ಖಾಲಿ ಬಿಟ್ಟು, ‘ವೆ’ಯ ನಂತರದ ಐದನ್ನೂ ಮರೆಮಾಡಿದ್ದು, ಅಷ್ಟೇ:

ನಾ ನೇ · ಮಾ ಡು ವೆ · · · · ·